ಮದುವೆ ಸೀರೆಯ ಡಬ್ಬಿಯಲ್ಲಿ ಎಲುಬಿನ ದಂಡು

ಬಟ್ಟೆ ವ್ಯಾಪಾರದಲ್ಲಿ ನನಗೆ ಮೂವತ್ತು ವರ್ಷದ ಅನುಭವ. ಬನಹಟ್ಟಿಯ ಬಜಾರಿನಲ್ಲಿ ನನ್ನ ಸೀರೆ ಅಂಗಡಿ ಎಲ್ಲಿದೆ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಸೆರಗನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರೆ ಸಾಕು, ನೂಲು ಯಾವುದು, ಬಣ್ಣ ನಿಲ್ಲುತ್ತದೋ ಬಿಡುತ್ತದೋ, ತಂದವನು ನಿಜ ಹೇಳುತ್ತಿದ್ದಾನೋ ಸುಳ್ಳೋ, ಮೂರನ್ನೂ ಒಟ್ಟಿಗೇ ಹೇಳಬಲ್ಲೆ. ಆದ್ದರಿಂದ ಒಂದು ವಸ್ತುವನ್ನು ಕೊಳ್ಳಬೇಕೋ ಬಿಡಬೇಕೋ ಎಂಬ ವಿಷಯದಲ್ಲಿ ಈ ಶಿವಪುತ್ರಪ್ಪ ಎಡವುವ ಮನುಷ್ಯನಲ್ಲ ಎಂಬ ದೃಢವಾದ ನಂಬಿಕೆ ನನಗಿತ್ತು. ಆ ನಂಬಿಕೆಯನ್ನು ಮಣ್ಣುಪಾಲು ಮಾಡಿದವರು ಎಪ್ಪತ್ತೆರಡು ಜನ. ಒಬ್ಬೊಬ್ಬರ ಎತ್ತರ ನನ್ನ ಹೆಬ್ಬೆರಳಿನಷ್ಟು!

ಮೊದಲು ಅವರ ಪರಿಚಯ ಮಾಡಿಕೊಡುತ್ತೇನೆ. ಜಮಖಂಡಿಯಲ್ಲಿ ವಿಠ್ಠಲ ಮಾಸ್ತರ್ ಎಂಬುವರಿದ್ದಾರೆ. ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ನಮ್ಮ ಕಡೆಯ ನೇಕಾರರಿಗೆ ಸೀರೆ ಅಂಚಿನ ಚಿತ್ರಗಳನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಡುತ್ತಾರೆ. ಆರು ವರ್ಷದ ಹಿಂದೆ ಒಂದು ನವಿಲಿನ ಅಂಚು ಬರೆಸೋಣವೆಂದು ಅವರ ಮನೆಗೆ ಹೋದಾಗ ಮೇಜಿನ ಮೇಲೆ ಒಂದು ದಂಡು ನಿಂತಿತ್ತು. ಪ್ಲಾಸ್ಟಿಕ್ಕಿನ ಪುಟಾಣಿ ಸೈನಿಕರು. ಸಾದಾ ಸೈನಿಕರಲ್ಲ, ಸತ್ತು ಎದ್ದು ಬಂದವರು! ಮೈಮೇಲೆ ಚೂರು ಮಾಂಸವಿಲ್ಲ, ಬರೀ ಎಲುಬು. ಕೈಯಲ್ಲಿ ತುಕ್ಕು ಹಿಡಿದ ಕತ್ತಿ, ಭರ್ಚಿ. ಎಲುಬಿನ ಕುದುರೆಗಳ ಮೇಲೆ ಎಲುಬಿನ ಸವಾರರು, ಎಲ್ಲರ ನಡುವೆ ಕಿರೀಟ ಇಟ್ಟುಕೊಂಡು ಹಲ್ಲು ಕಿರಿಯುತ್ತ ನಿಂತ ಎಲುಬಿನ ರಾಜ. ಪುಣೆಯಲ್ಲಿರುವ ಮಾಸ್ತರರ ಅಳಿಯ ಬಣ್ಣವಿಲ್ಲದ ದಂಡನ್ನು ತಂದುಕೊಟ್ಟಿದ್ದನಂತೆ. ಮಾಸ್ತರರು ನಾಲ್ಕೇ ಕೂದಲಿನ ಕುಂಚ ಹಿಡಿದು, ವರ್ಷಗಟ್ಟಲೆ ಕೂತು, ಒಬ್ಬೊಬ್ಬನ ಹಲ್ಲಿಗೂ ಬೇರೆ ಬೇರೆ ಬಣ್ಣ ಹಚ್ಚಿದ್ದರು.

ಅದೊಂದು ಆಟ. ಮೇಜಿನ ಆಚೆ ಒಂದು ದಂಡು, ಈಚೆ ಒಂದು ದಂಡು. ಯಾರು ಎಷ್ಟು ಮುಂದೆ ಹೋಗಬೇಕೆಂಬುದನ್ನು ಟೇಪು ಹಿಡಿದು ಅಳೆಯಬೇಕು, ಹೊಡೆದಾಟ ಬಂದರೆ ದಾಳ ಉರುಳಿಸಬೇಕು. ಅವತ್ತೇ ಮಾಸ್ತರರು ನನಗೆ ಕಲಿಸಿದರು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಆದಿತ್ಯವಾರ ನಾನು ಜಮಖಂಡಿಗೆ ಹಾಜರು. ನವಿಲಿನ ಅಂಚು ಮಾತ್ರ ಇವತ್ತಿಗೂ ಬರೆಸಿಲ್ಲ.

ಮನೆಯಲ್ಲಿ ಈ ಸಂಗತಿ ಹೇಳಿರಲಿಲ್ಲ. ಹೆಂಡತಿ ಕಸ್ತೂರಿಗೆ 'ಡಿಸೈನ್ ತರಾಕ ಹೊಂಟೇನಿ' ಎಂದು ಹೇಳಿ ಸ್ಕೂಟರ್ ಏರುತ್ತಿದ್ದೆ. ಕಾರಣ ಒಂದೇ, ಅಂಜಿಕೆ. ಐವತ್ಮೂರು ವರ್ಷದ, ಮೊಮ್ಮಗಳನ್ನು ಕಂಡ ಸಾವುಕಾರ ಮೇಜಿನ ಮೇಲೆ ಗೊಂಬೆ ಇಟ್ಟುಕೊಂಡು ಆಡುತ್ತಾನೆ ಎಂದು ಬಜಾರಿಗೆ ತಿಳಿದರೆ ಗತಿಯೇನು? ನಮ್ಮ ಊರುಗಳಲ್ಲಿ ಒಬ್ಬನಿಗೆ ಅಡ್ಡಹೆಸರು ಬಿತ್ತೆಂದರೆ ಅವನ ಮಕ್ಕಳ ಲಗ್ನಪತ್ರಿಕೆಯಲ್ಲೂ ಅದೇ ಅಚ್ಚಾಗುತ್ತದೆ. 'ಗೊಂಬಿ ಸಾವುಕಾರ' ಎಂಬ ಹೆಸರು ನನ್ನ ಬೆನ್ನ ಹಿಂದೆಯೇ ನಿಂತು ಕಾಯುತ್ತಿದೆ ಎಂದು ನನಗೆ ಸದಾ ಅನಿಸುತ್ತಿತ್ತು.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಒಂದು ಆದಿತ್ಯವಾರ ಆಟ ಮುಗಿದ ಮೇಲೆ, ಎಂದರೆ ನಾನು ಸೋತ ಮೇಲೆ, ಮಾಸ್ತರರು ಕನ್ನಡಕ ತೆಗೆದು ಒರೆಸುತ್ತ ಕೂತರು. ಕಣ್ಣು ಮೊದಲಿನಂತಿಲ್ಲ, ಎಲುಬಿನ ದಂಡನ್ನು ಮಾರಿಬಿಡುತ್ತೇನೆ, ಕೊಲ್ಹಾಪುರದಿಂದ ಒಬ್ಬರು ಬುಧವಾರ ನೋಡಲು ಬರುತ್ತಾರೆ ಎಂದರು. ಬೇಕಿದ್ದರೆ ನಿನಗೇ ಮೊದಲು, ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆ ಕೊಡು ಸಾಕು ಎಂದೂ ಹೇಳಿದರು.

ದಂಡು ಕೊಲ್ಹಾಪುರಕ್ಕೆ ಹೋದರೆ ನನ್ನ ಆದಿತ್ಯವಾರಗಳೂ ಅದರ ಜೊತೆಗೇ ಹೋದಂತೆ. ವಾರವೆಲ್ಲ 'ದರ ಹೇಳ್ರಿ, ಬಿಟ್ಟು ಹೇಳ್ರಿ' ಎಂಬ ಮಾತು ಕೇಳಿ ಕೇಳಿ ತಲೆ ಕಾಯುವ ನನಗೆ, ಯಾರೂ ದರ ಕೇಳದ ನಾಲ್ಕು ತಾಸು ಸಿಗುತ್ತಿದ್ದದ್ದು ಆ ಮೇಜಿನ ಮುಂದೆ ಮಾತ್ರ. ಹಾಗೆಂದು ಕೊಂಡರೆ? ಮನೆಯಲ್ಲಿ ಎಲ್ಲಿಡುವುದು? ಎಪ್ಪತ್ತೆರಡು ಹೆಣಗಳನ್ನು ಕಸ್ತೂರಿಯ ಕಣ್ಣು ತಪ್ಪಿಸಿ ಸಾಕುವುದು ಹೇಗೆ? ಕೊಳ್ಳಲು ಅಂಜಿಕೆ, ಬಿಡಲು ಇನ್ನೂ ಹೆಚ್ಚಿನ ಅಂಜಿಕೆ. ಮೂವತ್ತು ವರ್ಷದ ಅನುಭವ ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಆಗ ನನ್ನೊಳಗಿನ ವ್ಯಾಪಾರಿ ಒಂದು ಉಪಾಯ ಹೂಡಿದ. ನಮ್ಮಲ್ಲಿ ದೊಡ್ಡ ಮನೆತನದವರು ಮದುವೆ ಸೀರೆ ಆರಿಸಲು ಅಂಗಡಿಗೆ ಬರುವುದಿಲ್ಲ. ಸೀರೆ ಡಬ್ಬಿಗಳೇ ನಂಬಿಕೆಯ ಮೇಲೆ ಅವರ ಮನೆಗೆ ಹೋಗುತ್ತವೆ. ಅಲ್ಲಿ ಅತ್ತೆ, ನಾದಿನಿ, ಚಿಕ್ಕಮ್ಮ, ನೆರೆಮನೆಯವರು ಎಲ್ಲರೂ ಮುಟ್ಟಿ, ಹೊದ್ದು, ಕನ್ನಡಿ ನೋಡಿ, ಪಸಂದಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಎರಡು ದಿನದಲ್ಲಿ ವಾಪಸು ಕಳಿಸುತ್ತಾರೆ. ಇದಕ್ಕೆ ಒಂದೇ ಒಂದು ಕಾಯದೆ ಇದೆ. ಹೊಸ ಬಟ್ಟೆ ಉಡುವ ಮುನ್ನ ಅದರ ಮೂಲೆಗೆ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಆದ್ದರಿಂದ ಕುಂಕುಮ ತಾಗಿದ ಸೀರೆ ವಾಪಸು ಬರುವಂತಿಲ್ಲ, ಅದು ಮಾರಾಟವಾದಂತೆಯೇ. ಈ ಕಾಯದೆಯನ್ನು ನಾನು ಯಾರ ಮುಲಾಜೂ ಇಲ್ಲದೆ ನಡೆಸಿಕೊಂಡು ಬಂದವನು.

ಎರಡು ದಿನ ಮನೆಗೆ ಒಯ್ದು ನೋಡಿ ಹೇಳುತ್ತೇನೆ, ನಮ್ಮ ಅಂಗಡಿಯ ರೂಢಿಯೇ ಇರಲಿ ಎಂದೆ. ಮಾಸ್ತರರು ನಕ್ಕರು.

"ಆತು, ಒಯ್ಯಿ. ಆದ್ರ ಶಿವಪುತ್ರಾ, ಒಬ್ಬನ ಕೈ ಮುರದ್ರೂ ನಾ ತಡಕೊಳ್ಳಾಂಗಿಲ್ಲ. ಅವ್ರನ್ನ ನಾ ಮಕ್ಕಳ ಗತೆ ನೋಡ್ಕೊಂಡೇನಿ" ಎಂದರು.

ಈ ಮಾತು ಕೇಳಿ ನನ್ನ ಅಂಜಿಕೆ ದುಪ್ಪಟ್ಟಾಯಿತು. ಜಮಖಂಡಿಯಿಂದ ಬನಹಟ್ಟಿಯವರೆಗೂ ಪ್ರತಿ ತಗ್ಗಿನ ಮುಂದೆ ಗಾಡಿಯಿಂದ ಇಳಿದು, ತಳ್ಳಿಕೊಂಡು ದಾಟಿಸಿ, ಮತ್ತೆ ಏರಿದೆ. ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು, ನೇಯ್ಗೆ ತಪ್ಪಿದ ಕೆಂಪು ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದು, ಎಪ್ಪತ್ತೆರಡು ಜನರನ್ನೂ ಒಬ್ಬೊಬ್ಬರನ್ನಾಗಿ ಸುತ್ತಿದೆ. ಪಟ್ಟಿ ಬಿಚ್ಚಬಾರದೆಂದು ಒಬ್ಬೊಬ್ಬರಿಗೂ ಒಂದೊಂದು ಗುಂಡುಸೂಜಿ ಚುಚ್ಚಿದೆ. ದಾಳಗಳನ್ನೂ ಜೊತೆಗಿಟ್ಟು ಎರಡು ಸೀರೆ ಡಬ್ಬಿಗಳಲ್ಲಿ ಜೋಡಿಸಿದೆ. ಯಾರೂ ತೆರೆಯದಿರಲಿ ಎಂದು ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ಮದುವೆ ಮಾಲು, ಮುಟ್ಟಬೇಡಿ' ಎಂದು ಬರೆದೆ. ಮದುವೆ ಮಾಲನ್ನು ಅಂಗಡಿಯ ಆಳುಗಳು ಮುಟ್ಟುವುದಿಲ್ಲ. ಎಷ್ಟು ಚಾಣಾಕ್ಷ ಮನುಷ್ಯ ನಾನು ಎಂದು ನನಗೇ ಹೆಮ್ಮೆ ಎನಿಸಿತು!

ಸೋಮವಾರ ಇಡೀ ದಿನ ಏನಾದರೊಂದು ನೆವ ಹೇಳಿ ಉಗ್ರಾಣಕ್ಕೆ ಹೋಗುವುದು, ಡಬ್ಬಿ ನೋಡುವುದು, 'ತಗೊಳ್ಳೋದು' ಎನ್ನುವುದು, ಹೊರಗೆ ಬಂದು 'ಬ್ಯಾಡ' ಎನ್ನುವುದು, ಇದೇ ಆಯಿತು. ಹನ್ನೊಂದು ಸಲ ಹೋಗಿ ಬಂದೆ. ಹೊಟ್ಟೆ ಸರಿಯಿಲ್ಲವೇ ಎಂದು ಕಸ್ತೂರಿ ಕೇಳಿದಳು. ಹೌದೆಂದೆ. ಮಧ್ಯಾಹ್ನ ನನಗೆ ಬರೀ ಮಜ್ಜಿಗೆ ಅನ್ನ ಸಿಕ್ಕಿತು.

ಮಂಗಳವಾರ ಮುಂಜಾನೆ ರಬಕವಿಗೆ ಮಾಲು ತರಲು ಹೋಗಿದ್ದೆ. ಹನ್ನೊಂದರ ಸುಮಾರಿಗೆ ವಾಪಸು ಬಂದಾಗ ಕಸ್ತೂರಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಹಳ ಉಮೇದಿಯಲ್ಲಿದ್ದಳು. ರನ್ನ ಬೆಳಗಲಿಯ ಹಣಮಂತಗೌಡರು ಮಗಳ ಮದುವೆ ಸೀರೆಗಾಗಿ ಬೆಳಿಗ್ಗೆಯೇ ಗಾಡಿ ಕಳಿಸಿದ್ದರಂತೆ. ದೊಡ್ಡ ಗಿರಾಕಿ, ನಾಲ್ಕು ತಲೆಮಾರಿನಿಂದ ನಮ್ಮಲ್ಲೇ ಸೀರೆ ಒಯ್ಯುವವರು.

"ಹತ್ತು ಡಬ್ಬಿ ಕೊಟ್ಟು ಕಳಿಸೇನ್ರಿ. ನೀವು ಉಗ್ರಾಣದಾಗ ಮದುವಿ ಮಾಲು ಅಂತ ಬ್ಯಾರೆ ತಗದು ಇಟ್ಟಿದ್ರಲ್ಲ, ಆ ಎರಡೂ ಮ್ಯಾಲೇ ಇಟ್ಟು ಕಳಿಸೇನಿ. ಛಲೋ ಆತಿಲ್ಲ?" ಎಂದಳು.

ಮಾಸ್ತರರ ಮಕ್ಕಳು ಬೆಳಗಲಿಗೆ ಹೋಗಿದ್ದಾರೆ! ಅದೂ ಕೆಂಪು ಬಟ್ಟೆ ಸುತ್ತಿಕೊಂಡು, ಮೈಗೆ ಸೂಜಿ ಚುಚ್ಚಿಸಿಕೊಂಡು, ಮದುವೆ ಮನೆಗೆ! ಕೆಂಪು ಬಟ್ಟೆ, ಸೂಜಿ, ಎಲುಬು ಈ ಮೂರೂ ಒಂದೇ ಡಬ್ಬಿಯಲ್ಲಿ ಬಂದರೆ ನಮ್ಮ ಕಡೆ ಅದಕ್ಕೆ ಏನೆನ್ನುತ್ತಾರೆ ಎಂದು ನೆನಪಾಗುವಷ್ಟರಲ್ಲಿ ಫೋನು ಬಂತು. ಗೌಡರೇ ಮಾಡಿದ್ದರು. ಸಿಟ್ಟಿನಲ್ಲಿ ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ದನಿ ಬಹಳ ಮೆತ್ತಗಿತ್ತು.

"ಸಾವುಕಾರ್ರ, ನಿಮ್ಮ ಡಬ್ಬಿ ತಗದು ನೋಡೇವ್ರಿ. ನಮಗೂ ನಿಮಗೂ ಏನು ವೈರ ಇತ್ತರಿ?"

ಅದು ಹಾಗಲ್ಲ ಎಂದೆ. ಹೇಗೆ ಎಂದು ಅವರು ಕೇಳಿದರು. ಹೇಗೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಮನೆಯ ಹೆಣ್ಣುಮಕ್ಕಳು ಊಟ ಬಿಟ್ಟಿದ್ದಾರೆ, ಮದುಮಗಳು ಅಳುತ್ತಿದ್ದಾಳೆ, ಮಾಟ ತೆಗೆಯುವವರೊಬ್ಬರು ಬೀಳಗಿಯಿಂದ ಒಂದು ಗಂಟೆಯ ಬಸ್ಸಿಗೆ ಬರುತ್ತಿದ್ದಾರೆ, ಅವರು ಬಂದು ನೋಡಿದ ಮೇಲೆ ಎಲ್ಲವನ್ನೂ ಕಾಲುವೆಯ ಹರಿಯುವ ನೀರಿಗೆ ಬಿಡುತ್ತೇವೆ, ನಿಮ್ಮ ಸೀರೆಗಳನ್ನು ಬಂದು ತೆಗೆದುಕೊಂಡು ಹೋಗಿ ಎಂದು ಹೇಳಿ ಫೋನು ಇಟ್ಟರು.

ಗಡಿಯಾರದಲ್ಲಿ ಹನ್ನೊಂದೂವರೆ. ನಾನು ಗಾಡಿ ಹೊರಗೆ ತೆಗೆದಾಗ ಕಸ್ತೂರಿ ಅಂಗಡಿಯನ್ನು ಆಳುಗಳಿಗೆ ಒಪ್ಪಿಸಿ ಹಿಂದೆ ಏರಿ ಕೂತೇಬಿಟ್ಟಳು. ಕೊಟ್ಟವಳು ತಾನು, ಬೈಸಿಕೊಳ್ಳಲಿಕ್ಕೂ ತಾನೇ ಬರುತ್ತೇನೆ ಎಂದಳು. ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಮಹಾಲಿಂಗಪುರದ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಮುಂದೆ ಇನ್ನೆರಡು, ಪ್ರತಿಯೊಂದರ ಮೇಲೂ ಎದೆ ನಡುಗುವಂಥ ಹಾಡು. ಹಿಂದಿನಿಂದ ಕಸ್ತೂರಿ ಡಬ್ಬಿಯಲ್ಲಿ ಏನಿತ್ತೆಂದು ಕೇಳುತ್ತಲೇ ಇದ್ದಳು. ಸ್ಯಾಂಪಲ್ ಎಂದೆ. ಯಾವ ಸ್ಯಾಂಪಲ್ ಎಂದಳು. ಹಾಡಿನಲ್ಲಿ ಕೇಳಿಸಲಿಲ್ಲ ಎಂಬಂತೆ ನಟಿಸಿದೆ. ಟ್ರ್ಯಾಕ್ಟರು ದಾಟಿದ ಕೂಡಲೇ ಮತ್ತೆ ಕೇಳಿದಳು. ನಾನು ಅವಸರದಲ್ಲಿ ಇನ್ನೊಂದು ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತೆ.

ನನ್ನ ಮುಂದೆ ಎರಡು ಚಿತ್ರ ಬರುತ್ತಿದ್ದವು. ಒಂದರಲ್ಲಿ ಗೌಡರ ಅಣ್ಣತಮ್ಮಂದಿರು ಬಡಿಗೆ ಹಿಡಿದು ನಿಂತಿದ್ದರು. ಇನ್ನೊಂದರಲ್ಲಿ ವಿಠ್ಠಲ ಮಾಸ್ತರರು ಖಾಲಿ ಡಬ್ಬಿಯನ್ನು ತೆರೆದು ನೋಡುತ್ತಿದ್ದರು. ಎರಡನೆಯದೇ ಹೆಚ್ಚು ಹೆದರಿಸಿತು.

ಗೌಡರ ಪಡಸಾಲೆ ಜನರಿಂದ ತುಂಬಿತ್ತು. ಯಾರೂ ಬನ್ನಿರಿ ಎನ್ನಲಿಲ್ಲ. ನಮ್ಮ ಕಡೆ ಬಂದವರಿಗೆ ನೀರು ಕೊಡದ ಮನೆ ನಾನು ನೋಡಿದ್ದು ಅದೇ ಮೊದಲು. ಮೂಲೆಯಲ್ಲಿ ಮದುಮಗಳು ಮೂಗು ಕೆಂಪಗೆ ಮಾಡಿಕೊಂಡು ಕೂತಿದ್ದಳು. ನಡುವೆ ಎರಡು ಮೊರ. ಮೊರದಲ್ಲಿ ಎಪ್ಪತ್ತೆರಡು ಜನ ಸಾಲಾಗಿ ಅಂಗಾತ ಮಲಗಿದ್ದರು. ಸುತ್ತ ನಿಂಬೆಹಣ್ಣು, ಮೇಲೆ ಭಂಡಾರದ ಅರಿಸಿನಪುಡಿ. ಒಬ್ಬೊಬ್ಬರ ಹಣೆಗೂ, ಕುದುರೆಗಳ ಹಣೆಗೂ ಬಿಡದೆ, ನೀಟಾಗಿ ಕುಂಕುಮ!

ಜೀವ ಬಾಯಿಗೆ ಬಂದ ಆ ಹೊತ್ತಿನಲ್ಲೂ ನನಗೆ ಮೊದಲು ಹೊಳೆದದ್ದು, ಕುಂಕುಮ ತಾಗಿತು, ಮಾಲು ನನ್ನ ಕೊರಳಿಗೆ ಬಿತ್ತು ಎಂದು.

ಕುಂಕುಮ ಹಚ್ಚಿದವರು ಗೌಡರ ತಾಯಿ, ನೀಲವ್ವ ಆಯಿ. ಎಂಬತ್ತರ ಆಸುಪಾಸಿನ ಮುದುಕಿ. ಹಣೆಗೆ ಕುಂಕುಮ ಇಟ್ಟರೆ ಕೆಟ್ಟದ್ದು ಶಾಂತವಾಗುತ್ತದೆ ಎಂದು ತಾವೇ ಕೂತು ಎಪ್ಪತ್ತೆರಡು ಬೊಟ್ಟು ಇಟ್ಟಿದ್ದರಂತೆ. ಮನೆಯಲ್ಲಿ ಹೆದರದೆ ಅವುಗಳ ಹತ್ತಿರ ಕೂತವರು ಅವರೊಬ್ಬರೇ.

ಇವು ಏನು ಎಂದು ಗೌಡರು ಕೇಳಿದರು. ಸತ್ಯ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಸುತ್ತ ನೆರೆದ ಜನ ಕಣ್ಣಿಗೆ ಬಿದ್ದರು. ಅವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಸತ್ಯ ಹಾಗೇ ಒಳಗೆ ಹೋಯಿತು. ಸೀರೆ ಅಂಚಿಗೆ ಡಿಸೈನಿನ ನಮೂನೆ ಎಂದುಬಿಟ್ಟೆ!

ಮದುವೆ ಸೀರೆಯ ಅಂಚಿಗೆ ಎಲುಬೇ ಎಂದು ಒಬ್ಬಾಕೆ ಕೇಳಿದಳು. ಮದುಮಗಳು ಹೋ ಎಂದು ಅತ್ತಳು. ಸುಧಾರಿಸಲು ಹೋಗಿ, ಇವು ನನ್ನವಲ್ಲ, ಜಮಖಂಡಿಯ ಒಬ್ಬರು ಇಟ್ಟುಕೊಳ್ಳಲು ಕೊಟ್ಟಿದ್ದಾರೆ ಎಂದೆ. ಇದು ಮೊದಲಿನದಕ್ಕಿಂತ ಘೋರವಾಯಿತು. ಯಾರು ಕೊಟ್ಟರು, ಯಾರ ಮೇಲೆ ಮಾಡಿಸಲು ಕೊಟ್ಟರು, ಎಷ್ಟು ದಿನದಿಂದ ನಡೆದಿದೆ ಎಂದು ನಾಲ್ಕೂ ಕಡೆಯಿಂದ ಪ್ರಶ್ನೆ ಬಂದವು. ಇನ್ನು ಬೀಳಗಿಯವರಿಗೆ ಕಾಯುವುದು ಬೇಡ ಎಂದು ಗೌಡರು ಎದ್ದು ಒಂದು ಮೊರವನ್ನು ಎತ್ತಿಕೊಂಡರು. ಮೊರ ವಾಲಿತು. ರಾಜ ಜಾರಿ ಅಂಚಿಗೆ ಬಂದ.

"ಗೌಡ್ರ, ಚೆಲ್ಲಬ್ಯಾಡ್ರಿ" ಎಂದೆ. ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. "ಅವು ಮಾಟದ್ದಲ್ರಿ. ಅವು ಆಡೋ ಗೊಂಬಿ. ನಾನ ಆಡ್ತೇನ್ರಿ."

ಆರು ವರ್ಷ ಮುಚ್ಚಿಟ್ಟ ಮಾತು ಒಂದು ಉಸಿರಿನಲ್ಲಿ ಹೊರಗೆ ಬಿದ್ದಿತ್ತು. ನಾನು ಕಸ್ತೂರಿಯ ಕಡೆ ನೋಡಲಿಲ್ಲ. ನೋಡದಿದ್ದರೂ ಅವಳು ನನ್ನನ್ನೇ ನೋಡುತ್ತಿದ್ದಾಳೆಂದು ಕಿವಿಗೆ ತಿಳಿಯುತ್ತಿತ್ತು.

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನನ್ನದೊಂದು ನಮಸ್ಕಾರ. ಯಾರೂ ನಂಬಲಿಲ್ಲ! ಹಿಂದಿನ ಎರಡೂ ಮಾತನ್ನು ಅರ್ಧವಾದರೂ ನಂಬಿದ್ದ ಜನ, ಇದನ್ನು ಮಾತ್ರ ಅಪ್ಪಟ ಸುಳ್ಳು ಎಂದರು. ತಲೆ ನೆರೆತ ಸಾವುಕಾರ ಗೊಂಬೆ ಆಡುತ್ತಾನೆಯೇ, ನಮ್ಮನ್ನೇನು ಕೂಸು ಎಂದುಕೊಂಡಿದ್ದೀರಾ ಎಂದು ಗೌಡರ ತಮ್ಮ ಬಡಿಗೆಯನ್ನು ಕೈಯಿಂದ ಕೈಗೆ ಬದಲಾಯಿಸಿದ.

ಅಷ್ಟರಲ್ಲಿ ನೀಲವ್ವ ಆಯಿ ಡಬ್ಬಿಯ ತಳದಲ್ಲಿ ಕೈಯಾಡಿಸಿ ಎರಡು ದಾಳ ತೆಗೆದು ಅಂಗೈಯಲ್ಲಿ ತೂಗಿ ನೋಡಿದರು.

"ದಾಳ ಅದಾವಲ್ಲೋ. ಆಟ ಇದ್ರ ಆಡಿ ತೋರ್ಸಪಾ. ನನ್ನ ಜೋಡಿ ಆಡು" ಎಂದರು.

ಜಮಖಾನೆ ಹಾಸಿದರು. ಇನ್ನೊಂದು ದಂಡು ಜಮಖಂಡಿಯಲ್ಲೇ ಇದ್ದುದರಿಂದ ಇದ್ದವರನ್ನೇ ಮೂವತ್ತಾರು ಮೂವತ್ತಾರು ಎಂದು ಹಂಚಿಕೊಂಡೆವು. ರಾಜನನ್ನು ಆಯಿ ತಮ್ಮ ಕಡೆ ಎಳೆದುಕೊಂಡರು. ನನ್ನ ಕಿಸೆಯಲ್ಲಿದ್ದ ಬಟ್ಟೆ ಅಳೆಯುವ ಟೇಪೇ ಆಟದ ಟೇಪಾಯಿತು. ನಿಯಮಗಳನ್ನು ಒಂದೇ ಸಲ ಹೇಳಿದೆ. ಆಯಿ ಒಂದೇ ಸಲ ಕೇಳಿದರು. ಆ ಮುದುಕಿ ಅರವತ್ತು ವರ್ಷದಿಂದ ಪಗಡೆ ಆಡುತ್ತಾರೆ, ಸುತ್ತ ಹತ್ತು ಹಳ್ಳಿಯಲ್ಲಿ ಅವರನ್ನು ಗೆದ್ದವರಿಲ್ಲ ಎಂಬ ಸಂಗತಿಯನ್ನು ಮಾತ್ರ ನನಗೆ ಆಟ ಮುಗಿದ ಮೇಲೆ ಹೇಳಿದರು.

ಆಯಿಯ ಕುದುರೆಗಳು ಎರಡೂ ಬದಿಯಿಂದ ಹೊರಟವು. ನಾನು ನನ್ನ ಮೂವತ್ತಾರು ಜನರನ್ನೂ ಗೋಡೆಯ ಹತ್ತಿರ, ಸೀರೆ ಡಬ್ಬಿಯ ಮರೆಯಲ್ಲಿ, ಒಬ್ಬರಿಗೊಬ್ಬರು ಅಂಟಿಸಿ ನಿಲ್ಲಿಸಿದೆ. ಸುತ್ತ ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು. ಆಯಿ ದಾಳವನ್ನು ಕೈಯಲ್ಲೇ ಹಿಡಿದು ನನ್ನ ದಂಡಿನ ಕಡೆ ಗದ್ದ ತೋರಿಸಿದರು.

"ಅವ್ರು ಯಾಕ ಅಲ್ಲೇ ನಿಂತಾರ ತಮ್ಮಾ?"

"ಧಕ್ಕಿ ಆಗಬಾರ್ದಂತ್ರಿ ಆಯಿ. ಹಿಂದಿದ್ರ ಛಲೋ."

"ಸತ್ತಾವ್ರಿಗೆ ಮತ್ತೇನು ಅಂಜಿಕಿ?" ಎಂದರು ಆಯಿ.

ಆರು ವರ್ಷದಲ್ಲಿ ಈ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಅರ್ಧ ತಾಸಿನಲ್ಲಿ ನನ್ನ ಮೂವತ್ತಾರು ಜನರಲ್ಲಿ ನಾಲ್ವರು ಉಳಿದರು. ಮದುಮಗಳು ಅಳುವುದನ್ನು ಬಿಟ್ಟು ಆಯಿಯ ಪಕ್ಕಕ್ಕೆ ಬಂದು ಕೂತು ದಾಳ ಎಣಿಸುತ್ತಿದ್ದಳು. ಗೌಡರ ತಮ್ಮ ಬಡಿಗೆ ಮೂಲೆಗಿಟ್ಟು, ಕುದುರೆಯನ್ನು ಎಡಕ್ಕೆ ಒಯ್ಯಬೇಕಿತ್ತೆಂದು ನನಗೇ ಬುದ್ಧಿ ಹೇಳತೊಡಗಿದ. ಒಬ್ಬಾಕೆ ಚಹಾ ತಂದಳು.

ಆ ಹೊತ್ತಿಗೆ ಬೀಳಗಿಯವರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲೊಂದು ಚೀಲ. ಬಂದವರು ಗಂಭೀರವಾಗಿ ಜಮಖಾನೆಯ ಅಂಚಿನಲ್ಲಿ ನಿಂತು ಗೊಂಬೆಗಳನ್ನು ನೋಡಿದರು, ಆಯಿಯನ್ನು ನೋಡಿದರು, ಕೊನೆಗೆ ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ಉಳಿದ ನಾಲ್ವರೂ ಅವರೆದುರಿಗೇ ಬಿದ್ದರು.

"ಇದರಾಗ ಏನೂ ಇಲ್ರಿ ಗೌಡ್ರ. ಏನರೆ ಇದ್ದಿದ್ರ ಈ ಮನಶ್ಯಾ ಒಮ್ಮೆರೆ ಗೆಲ್ತಿದ್ದ" ಎಂದು ಹೇಳಿ ಅವರೂ ಚಹಾಕ್ಕೆ ಕೂತರು.

ಹೀಗೆ ಅಧಿಕೃತವಾಗಿ ನಾನು ನಿರಪರಾಧಿಯಾದೆ. ಗೌಡರು ಕೈ ಹಿಡಿದು ತಪ್ಪಾಯಿತೆಂದರು. ನಾಲ್ಕು ಡಬ್ಬಿ ಸೀರೆಯನ್ನು ಇಟ್ಟುಕೊಂಡರು, ಉಳಿದದ್ದನ್ನು ತಮ್ಮ ಗಾಡಿಯಲ್ಲೇ ವಾಪಸು ಕಳಿಸುತ್ತೇವೆಂದರು. ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ನೋಡಿದೆ. ಯಾರ ಕೈಯೂ ಮುರಿದಿರಲಿಲ್ಲ, ಕುಂಕುಮ ಬಿಟ್ಟರೆ ಎಲ್ಲರೂ ಸುಕ್ಷೇಮ.

ಬೆಳಗಲಿಯಿಂದ ನೇರ ಜಮಖಂಡಿಯ ಕಡೆಗೆ ಹೊರಟೆವು. ಡಬ್ಬಿಗಳು ಕಸ್ತೂರಿಯ ತೊಡೆಯ ಮೇಲಿದ್ದವು. ಬೈಯಲಿ, ಬೈದರೆ ಹಗುರಾಗುತ್ತದೆ ಎಂದು ಕಾದೆ. ಒಂದು ಕಡೆ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ನಿಂತಾಗ ಅವಳೇ ಬಾಯಿ ತೆಗೆದಳು.

"ನಾ ಏನು ತಿಳಕೊಂಡಿದ್ದೆ ಗೊತ್ತೈತೇನ್ರಿ? ನಿಮಗೇನೋ ದೊಡ್ಡ ಬ್ಯಾನಿ ಐತಿ, ಜಮಖಂಡ್ಯಾಗ ಡಾಕ್ಟರಿಗೆ ತೋರ್ಸಾಕ ಹೋಗ್ತೀರಿ, ನನಗ ಹೇಳವಲ್ರಿ ಅಂತ. ಒಂದರೆ ಡಿಸೈನು ಮನಿಗಿ ಬಂದಿದ್ರ ಹಂಗ ಅನಸ್ತಿರ್ಲಿಲ್ಲ. ನೀವು ಬರೂತನಕ ಪ್ರತಿ ಸರ್ತಿ ಹೊಟ್ಟ್ಯಾಗ ಬೆಂಕಿ ಇಟ್ಕೊಂಡು ಕುಂದರ್ತಿದ್ದೆ."

ನಾನೊಬ್ಬನೇ ಅಂಜುಬುರುಕ, ಅಂಜಿಕೆಯೆಲ್ಲ ನನ್ನ ಪಾಲಿಗೇ ಬಂದಿದೆ ಎಂದುಕೊಂಡಿದ್ದೆ. ಅದರ ದೊಡ್ಡ ಪಾಲನ್ನು ಈಕೆಗೆ ಕೊಟ್ಟು, ನಾನು ಅಲ್ಲಿ ದಾಳ ಉರುಳಿಸುತ್ತಿದ್ದೆ. ತಪ್ಪಾಯಿತು ಎಂದೆ. ಅವಳು ಡಬ್ಬಿಯನ್ನು ಸರಿಯಾಗಿ ಹಿಡಿದುಕೊಂಡು, ಗಾಡಿ ಬಿಡಿ, ಮಾಸ್ತರರು ಕಾಯುತ್ತಿರುತ್ತಾರೆ ಎಂದಳು.

ಮಾಸ್ತರರ ಮನೆ ತಲುಪುವಷ್ಟರಲ್ಲಿ ನನಗೆ ಎಂದೂ ಇಲ್ಲದ ಧೈರ್ಯ ಬಂದಿತ್ತು. ಹೋಗುವ ಮರ್ಯಾದೆ ಎಲ್ಲ ಹೋಗಿಯಾಗಿತ್ತು, ಇನ್ನು ಹೆದರುವುದು ಯಾತಕ್ಕೆ? ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಮಾಸ್ತರರೇ, ಕುಂಕುಮ ತಾಗಿದೆ, ಕಾಯದೆಯಂತೆ ಮಾಲು ನನ್ನದು, ನಾನು ಕೊಂಡೆ ಎಂದು ಘೋಷಿಸಿದೆ. ಜೀವನದಲ್ಲಿ ಇಷ್ಟು ಖಡಕ್ಕಾಗಿ ಯಾವ ಮಾಲನ್ನೂ ಕೊಂಡವನಲ್ಲ.

ಮಾಸ್ತರರು ಹಣೆಯ ಕುಂಕುಮಗಳನ್ನು ಭೂತಗನ್ನಡಿ ಹಿಡಿದು ನೋಡಿದರು. ನಡೆದದ್ದನ್ನೆಲ್ಲ ಹೇಳಿಸಿಕೊಂಡರು. ಬಡಿಗೆ, ಬೀಳಗಿ, ಮದುಮಗಳು ಯಾವುದೂ ಅವರಿಗೆ ಬೇಕಾಗಲಿಲ್ಲ. ಆಯಿ ಕುದುರೆಗಳನ್ನು ಮೊದಲು ಯಾವ ಕಡೆಯಿಂದ ತಂದರು, ರಾಜನನ್ನು ಎಲ್ಲಿ ನಿಲ್ಲಿಸಿದ್ದರು, ಎಷ್ಟು ಹೊತ್ತಿನಲ್ಲಿ ಮುಗಿಸಿದರು ಎಂದು ಮೂರು ಸಲ ಕೇಳಿದರು. ಆಮೇಲೆ ಮುಚ್ಚಳ ಹಾಕಿ ಡಬ್ಬಿಗಳನ್ನು ತಮ್ಮ ಕಡೆ ಎಳೆದುಕೊಂಡರು.

"ನಾ ಮಾರಾಂಗಿಲ್ಲ. ಕೊಲ್ಹಾಪುರದಾವಗೂ ಇಲ್ಲ, ನಿನಗೂ ಇಲ್ಲ."

ಕಾಯದೆ ಏನಾಯಿತು ಎಂದೆ. ಕುಂಕುಮ ಹಚ್ಚಿದವರು ಆಯಿ, ಅದು ನಿನ್ನ ಮಾಲು ಹೇಗಾಯಿತು ಎಂದರು. ನನ್ನ ಕಾಯದೆಯಲ್ಲಿ ನನಗೇ ತೂತು ಕಾಣಿಸಿತು. ಹಾಗಾದರೆ ಕಣ್ಣು ಮೊದಲಿನಂತಿಲ್ಲ ಎಂದಿರಲ್ಲ ಎಂದೆ. ಮಾಸ್ತರರು ಸ್ವಲ್ಪ ಸಂಕೋಚದಿಂದ ಕಸ್ತೂರಿಯ ಕಡೆ ನೋಡಿ, ಬಳಿಕ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಕಣ್ಣು ಛಲೋ ಅದಾವೋ ಶಿವಪುತ್ರಾ. ಖರೆ ಹೇಳಿದ್ರ ಮನಸಿಗೆ ಹಚ್ಕೋಬ್ಯಾಡ. ಆರು ವರ್ಷ ನೀ ಮೇಜಿನ ಅಂಚು ಬಿಟ್ಟು ಮುಂದ ಬರಲಿಲ್ಲ. ನಿನ್ನ ಜೋಡಿ ಆಡಿ ಆಡಿ ಬ್ಯಾಸತ್ತು ಮಾರಾಕ ತಗದಿದ್ದೆ. ಆ ಆಯಿ ಮನಿ ಎಲ್ಲೈತಿ, ನನ್ನ ಕರಕೊಂಡು ಹೋಗ್ತಿ?"

ಕಸ್ತೂರಿ ಬಾಗಿಲ ಕಡೆ ತಿರುಗಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ನಗುವಿಗೆ ಅವಳ ಬೆನ್ನು ಅಲುಗಾಡುತ್ತಿತ್ತು.

ಈಗ ಹದಿನೈದು ದಿನಕ್ಕೊಮ್ಮೆ ನಾವು ಮೂವರೂ ಬೆಳಗಲಿಗೆ ಹೋಗುತ್ತೇವೆ. ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಾರೆ, ಒಂದು ಕಡೆ ಮಾಸ್ತರರು, ಒಂದು ಕಡೆ ಆಯಿ. ಊರ ಅರ್ಧ ಜನ ನೋಡಲು ನೆರೆಯುತ್ತಾರೆ. ಬಜಾರಿನಲ್ಲಿ ನನಗೆ ಅಡ್ಡಹೆಸರೂ ಬಿದ್ದಾಗಿದೆ, ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದೆ, ಇಲ್ಲಿ ಬರೆಯುವುದಿಲ್ಲ. ನನಗೆ ಆಡಲು ಕೊಡುವುದಿಲ್ಲ. ಮೊದಲು ಟೇಪು ಹಿಡಿಯುವ ಕೆಲಸ ಕೊಟ್ಟಿದ್ದರು. ಎರಡನೆಯ ಸಲ ಒಂದು ಕುದುರೆಯ ಓಟವನ್ನು ಅಳೆಯುವಾಗ, ಎದುರಿನ ಭರ್ಚಿ ನೋಡಿ ಅಂಜಿಕೆಯಾಗಿ, ಎರಡು ಇಂಚು ಕಡಿಮೆ ಹೇಳಿಬಿಟ್ಟೆ. ಆಯಿ ಟೇಪನ್ನು ನನ್ನ ಕೈಯಿಂದ ತೆಗೆದು ಕಸ್ತೂರಿಗೆ ಕೊಟ್ಟರು. ಈಗ ಅವಳು ಅಳೆಯುತ್ತಾಳೆ, ನಾನು ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುತ್ತೇನೆ.